ಶಂಖವಾಳದ ಧರ್ಮಾನಂದ ಕೋಸಂಬಿಯವರು

ದೇವಾಲಯಗಳಲ್ಲಿ ದಶಾವತಾರದ ಮೂರ್ತಿಗಳನ್ನು ಕೆತ್ತಿರುವೆಡೆ ಹಲವು ಕಡೆ ಒಂಬತ್ತನೆಯ ಸ್ಥಾನದಲ್ಲಿ ಬುದ್ಧನಿರುತ್ತಾನೆ. ಮತ್ಸ್ಯಕೂರ್ಮಾದಿಗಳ ಕಥೆಯನ್ನು ಮಕ್ಕಳಿಗೆ ವಿಸ್ತಾರವಾಗಿ ಹೇಳುವ ಹಿರಿಯರು ಬುದ್ಧನ ಮುಂದೆ ಬಂದಾಗ ಮಾತ್ರ ಹೆಸರಷ್ಟನ್ನೇ ಹೇಳಿ ಕಲ್ಕಿಯ ಕಡೆಗೆ ನಡೆದುಬಿಡುವುದುಂಟು. ಹುಟ್ಟಿದ ದೇಶದಲ್ಲಿಯೇ ಆ ಮಹಾಪುರುಷನ ವಾಣಿ ಅಷ್ಟರಮಟ್ಟಿಗೆ ಮರೆತುಹೋಗಿತ್ತು. ಅದನ್ನು ಅರಸಿ ತರಲೆಂದು ಮನೆಮಾರುಗಳನ್ನು ಬಿಟ್ಟು ಹೊರಟವರಲ್ಲಿ ಒಬ್ಬರು ಗೋಮಾಂತಕದ ಸಾರಸ್ವತ ಗೃಹಸ್ಥರು. ಜೀರ್ಣೋದ್ಧಾರದ ಈ ಸಂಚಿಕೆಯಲ್ಲಿ ಅವರನ್ನು ಸ್ಮರಿಸುವುದು ಅನುಚಿತವಾಗಲಾರದು.

ಧರ್ಮಾನಂದ ದಾಮೋದರ ಕೋಸಂಬಿಯವರು 1876ನೆಯ ಇಸವಿ ಅಕ್ಟೋಬರ್ 9ರಂದು ಗೋವೆಯ ಶಂಖವಾಳ ಗ್ರಾಮದಲ್ಲಿ ಜನಿಸಿದರು. 16ನೆಯ ಶತಮಾನದಲ್ಲಿ ಪೋರ್ತುಗೀಜರ ಉಪದ್ರವದಿಂದ ಈ ಊರಿನ ಲಕ್ಷ್ಮೀನರಸಿಂಹ ದೇವರು ವೇಲಿಂಗಕ್ಕೂ, ವಿಜಯದುರ್ಗಾದೇವಿಯು ಕೇರಿಗೂ ಸ್ಥಳಾಂತರ ಹೊಂದಬೇಕಾಯಿತು. ಅಂತಹ ದಿನಗಳಲ್ಲಿಯೇ ಅನೇಕ ಕುಟುಂಬಗಳು ಕನ್ನಡ ಕರಾವಳಿಗೆ ಬಂದು ನೆಲೆಸಿದುದನ್ನು ವಾಚಕರು ಬಲ್ಲರು. ಬಾಲ್ಯದಲ್ಲಿ ಧರ್ಮಾನಂದರು ದುರ್ಬಲ ಶರೀರದವರು. ಅವರಿಗೆ ಶಾಲೆಯ ವಿದ್ಯೆ ದೊರೆತುದು ಅತ್ಯಲ್ಪ. ಎಳೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ತೆಂಗಿನ ತೋಟದ ಮೇಲ್ವಿಚಾರಣೆಯೇ ನಿತ್ಯಕರ್ಮವಾಯಿತು. 1897ರಲ್ಲಿ ಬಾಲಬೋಧವೆಂಬ ಮರಾಠಿ ಮಾಸಪತ್ರಿಕೆಯಲ್ಲಿ ಬುದ್ಧಚರಿತೆಯ ಒಂದು ಲೇಖನ ಅವರ ಕಣ್ಣಿಗೆ ಬಿದ್ದಿತು. ಮಕ್ಕಳಿಗಾಗಿ ಬರೆದ ಆ ಕೆಲವೇ ಪುಟಗಳು ಅವರ ಮನಸ್ಸನ್ನು ಹಿಡಿದುಕೊಂಡವು.

1899ರ ಕೊನೆಯಲ್ಲಿ ಪತ್ನಿ ಬಾಳಾಬಾಯಿಯನ್ನೂ, ಅದೇ ವರ್ಷ ಹುಟ್ಟಿದ ಮಗಳು ಮಾಣಿಕಳನ್ನೂ ಬಿಟ್ಟು ಅವರು ಹೊರಟರು. ಇದನ್ನು ವೈರಾಗ್ಯವೆಂದು ಕೊಂಡಾಡಿ ಮುಂದೆ ಸಾಗುವುದು ಸುಲಭ. ಹಸುಗೂಸನ್ನು ಎತ್ತಿಕೊಂಡು ಕಾದುಕುಳಿತ ಹೆಂಗಸಿಗೆ ಆ ವರ್ಷಗಳು ಹೇಗೆ ಕಳೆದವೆಂಬುದನ್ನು ಚರಿತ್ರಕಾರರು ಬರೆಯುವುದು ಕಡಮೆ. ಪುಣೆಯಲ್ಲಿ ರಾಮಕೃಷ್ಣ ಗೋಪಾಲ ಭಾಂಡಾರಕರರ ದರ್ಶನ ಪಡೆದು, ಕಾಶಿಯಲ್ಲಿ ಅನ್ನಛತ್ರದ ಊಟವನ್ನು ನೆಚ್ಚಿ ಸಂಸ್ಕೃತ ವ್ಯಾಸಂಗ ಮಾಡಿ, 1902ರಲ್ಲಿ ಬೌದ್ಧಧರ್ಮ ಜೀವಂತವಾಗಿರಬಹುದೆಂಬ ಆಸೆಯಿಂದ ನೇಪಾಳಕ್ಕೆ ನಡೆದರು. ಅಲ್ಲಿ ಕಂಡುದು ನಿರಾಶೆಯೇ. ಅದೇ ವರ್ಷ ಸಿಂಹಳವನ್ನು ಸೇರಿ, ಕೊಲಂಬೋದ ವಿದ್ಯೋದಯ ಪರಿವೇಣದಲ್ಲಿ ಸುಮಂಗಲಾಚಾರ್ಯರ ಬಳಿ ಸಾಮಣೇರದೀಕ್ಷೆ ಪಡೆದು ಪಾಲಿ ಭಾಷೆಯನ್ನು ಕಲಿತರು. ಅನಂತರ ಬರ್ಮಾ ದೇಶದಲ್ಲಿ ಧ್ಯಾನಾಭ್ಯಾಸ. 1906ರಲ್ಲಿ ಕಾಷಾಯವನ್ನು ತ್ಯಜಿಸಿ ಕಲ್ಕತ್ತೆಯಲ್ಲಿ ಪಾಲಿ ಬೋಧಕರಾದರು. ಸುಮಾರು ಏಳು ವರ್ಷಗಳ ಮೇಲೆ ಸಂಸಾರ ಮತ್ತೆ ಕೂಡಿತು. ಮುಂದಿನ ವರ್ಷ ಹುಟ್ಟಿದ ಮಗ ದಾಮೋದರರೇ ಗಣಿತಜ್ಞರೂ ಇತಿಹಾಸಕಾರರೂ ಆಗಿ ಪ್ರಖ್ಯಾತರಾದವರು. ಬಡೋದೆಯ ಸಯಾಜಿರಾವ್ ಮಹಾರಾಜರು ತಿಂಗಳಿಗೆ 50 ರೂಪಾಯಿ ಕೊಡಲು ಒಪ್ಪಿದಾಗ, ಹೆಚ್ಚಿನ ವೇತನದ ಕಲ್ಕತ್ತೆಯನ್ನು ಬಿಟ್ಟು ಸ್ವಪ್ರಾಂತದ ಜನರಿಗಾಗಿ ಬರೆಯಲು ಬಂದುದು ಅವರ ಸ್ವಭಾವಕ್ಕೆ ಒಪ್ಪುವಂತಹದೇ ಆಗಿತ್ತು.

ಬುದ್ಧಘೋಷಾಚಾರ್ಯರು 5ನೆಯ ಶತಮಾನದಲ್ಲಿ ಸಿಂಹಳದಲ್ಲಿ ರಚಿಸಿದ ವಿಶುದ್ಧಿಮಗ್ಗವನ್ನು ಅಮೆರಿಕದ ಹೆನ್ರಿ ಕ್ಲಾರ್ಕ್ ವಾರನ್ ಎಂಬ ವಿದ್ವಾಂಸರು ಸಂಶೋಧಿಸಲಾರಂಭಿಸಿ 1899ರಲ್ಲಿ ತೀರಿಕೊಂಡಿದ್ದರು. ಆ ಕಾರ್ಯವನ್ನು ಪೂರೈಸಲು 1910ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಕೋಸಂಬಿಯವರನ್ನು ಕರೆಸಿಕೊಂಡಿತು. ಗ್ರಂಥದ ಮೇಲೆ ಯಾರ ಹೆಸರಿರಬೇಕೆಂಬ ವಿಷಯದಲ್ಲಿ ಪ್ರೊಫೆಸರ್ ಲಾನ್‌ಮನ್ನರೊಡನೆ ಭಿನ್ನಾಭಿಪ್ರಾಯ ಬಂದು 1912ರಲ್ಲಿ ಹಿಂದಿರುಗಿದರು. ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜು, ಮತ್ತೆ ಹಾರ್ವರ್ಡ್, ಗುಜರಾತ ವಿದ್ಯಾಪೀಠ, 1929ರಲ್ಲಿ ಲೆನಿನ್‌ಗ್ರಾಡ್. 1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ.

1940ರ ಸುಮಾರಿಗೆ ಮರಾಠಿಯಲ್ಲಿ ಪ್ರಕಟವಾದ ಅವರ ಭಗವಾನ್ ಬುದ್ಧ ಗ್ರಂಥ ಹಳೆಯ ಕಥೆಗಳನ್ನು ಅಲ್ಲಾಡಿಸಿತು. ಸಿದ್ಧಾರ್ಥನು ಮುದುಕನನ್ನೂ ರೋಗಿಯನ್ನೂ ಶವವನ್ನೂ ಕಂಡು ವಿರಕ್ತನಾಗಿ ನಡುರಾತ್ರಿ ಅರಮನೆಯನ್ನು ತೊರೆದನೆಂದು ನಾವೆಲ್ಲರೂ ಕೇಳಿದ್ದೇವೆ. ಪ್ರಾಚೀನವಾದ ಪಾಲಿ ಸುತ್ತಗಳನ್ನು ಮುಂದಿಟ್ಟುಕೊಂಡು ನೋಡಿದ ಕೋಸಂಬಿಯವರಿಗೆ ಬೇರೆಯದೇ ಚಿತ್ರ ಕಂಡಿತು. ಶುದ್ಧೋದನನು ಚಕ್ರವರ್ತಿಯಲ್ಲ, ಕೋಸಲರಾಜ್ಯಕ್ಕೆ ಅಧೀನವಾಗಿದ್ದ ಶಾಕ್ಯರಲ್ಲಿ ಒಬ್ಬ ಭೂಮಾಲಿಕ. ಮಗನು ಕದ್ದು ಹೋದವನಲ್ಲ. ತಂದೆತಾಯಿಗಳು ಕಣ್ಣೀರಿಡುತ್ತಿರುವಾಗ ಅವರೆದುರಿನಲ್ಲಿಯೇ ಹೊರಟವನು. ಕಾರಣವೋ, ರೋಹಿಣೀ ನದಿಯ ನೀರಿಗಾಗಿ ಶಾಕ್ಯರೂ ಕೋಲಿಯರೂ, ನೆಂಟರು ನೆಂಟರೇ, ಆಯುಧ ಹಿಡಿದು ನಿಂತುದು. ಸುತ್ತನಿಪಾತದ ಅತ್ತದಂಡಸುತ್ತವನ್ನು ಅವರು ಇದಕ್ಕೆ ಆಧಾರವಾಗಿ ತೋರಿಸಿದರು. ಬೇಸಗೆಯಲ್ಲಿ ಗದ್ದೆಯ ನೀರಿಗಾಗಿ ದಾಯಾದಿಗಳು ಕಾದಾಡುವುದನ್ನು ಕಂಡ ಹಳ್ಳಿಗರಿಗೆ ಈ ಕಾರಣವನ್ನು ವಿವರಿಸಬೇಕಾದುದಿಲ್ಲ.

ಇದಕ್ಕಿಂತ ಮೊದಲೇ, 1935ರ ಹಿಂದೀ ಸಂಸ್ಕೃತಿ ಆಣಿ ಅಹಿಂಸಾ ಎಂಬ ಮರಾಠಿ ಗ್ರಂಥದಲ್ಲಿ ಅವರು ವೇದಕಾಲದಿಂದ ತಮ್ಮ ಕಾಲದವರೆಗೆ ಅಹಿಂಸೆಯ ಜಾಡನ್ನು ಹಿಡಿದು ಹೋಗಿದ್ದರು. ವೈದಿಕ ದೇವತೆಗಳನ್ನು ಬಾಬಿಲೋನಿನ ಇತಿಹಾಸಕ್ಕೆ ಗಂಟುಹಾಕಿದ ಅವರ ಊಹೆಗಳು ವಿದ್ವಾಂಸರಲ್ಲಿ ನಿಲ್ಲಲಿಲ್ಲ, ನಿಲ್ಲದಿದ್ದುದೂ ಸರಿಯೇ. ಆದರೆ ಬುದ್ಧನಿಗೂ ಮಹಾವೀರನಿಗೂ ಹಿಂದಿನವನಾದ ಪಾರ್ಶ್ವನಾಥನ ಚಾತುರ್ಯಾಮವನ್ನು, ಅಂದರೆ ಅಹಿಂಸೆ, ಸತ್ಯ, ಅಸ್ತೇಯ, ಅಪರಿಗ್ರಹಗಳನ್ನು, ಶ್ರಮಣಧರ್ಮಗಳ ತಾಯಿಬೇರೆಂದು ಅವರು ತೋರಿಸಿದುದು ವಿಚಾರಾರ್ಹವಾದುದು. ಯಜ್ಞದ ಪಶುಬಲಿಯನ್ನು ಅವರು ಮುಚ್ಚುಮರೆಯಿಲ್ಲದೆ ಖಂಡಿಸಿದರು. ಆಸ್ತಿಕರಾದ ನಮಗೆ ಅವರ ಎಲ್ಲ ಮಾತುಗಳೂ ರುಚಿಸಲಾರವು. ರುಚಿಸದಿದ್ದುದು ನಮಗೊಬ್ಬರಿಗೇ ಅಲ್ಲ. ಬುದ್ಧನ ಕಾಲದ ಶ್ರಮಣರ ಆಹಾರದ ವಿಷಯವಾಗಿ ಅವರು ಬರೆದುದು ಜೈನ ಸಮಾಜದಲ್ಲಿ ತೀವ್ರ ವಿರೋಧವನ್ನೆಬ್ಬಿಸಿತು. ಗ್ರಂಥದಲ್ಲಿ ಕಂಡುದನ್ನು ಬರೆದೆನೆಂಬ ನಿಲುವಿನಿಂದ ಅವರು ಕದಲಲಿಲ್ಲ.

ಅಂತಹವರು ಅಂತ್ಯಕಾಲದಲ್ಲಿ ಆರಿಸಿಕೊಂಡ ದಾರಿಯೂ ಪಾರ್ಶ್ವನಾಥನ ಪರಂಪರೆಯದೇ. ವೃದ್ಧಾಪ್ಯದಲ್ಲಿ ಶರೀರ ರೋಗಜರ್ಜರವಾಗಿ, ಇತರರಿಗೆ ಭಾರವಾಗಿ ಬದುಕುವುದು ಬೇಡವೆನಿಸಿ, 1946ರಲ್ಲಿ ಆಮರಣ ಉಪವಾಸವನ್ನು ಕೈಗೊಂಡರು. ಗಾಂಧೀಜಿಯವರ ಮಾತಿಗೆ ಮಣಿದು ಅದನ್ನು ಬಿಟ್ಟರಾದರೂ ಸಂಕಲ್ಪ ಬಿಡಲಿಲ್ಲ. ಮರುವರ್ಷ ಸೇವಾಗ್ರಾಮದ ಆಶ್ರಮಕ್ಕೆ ಬಂದು ಪುನಃ ಆಹಾರವನ್ನು ತ್ಯಜಿಸಿದರು. ಸುಮಾರು ಒಂದು ತಿಂಗಳು ಕಳೆದ ಮೇಲೆ 1947ರ ಜೂನ್ 4ರಂದು ಅವರ ಪ್ರಾಣ ಶಾಂತವಾಗಿ ಹೋಯಿತು. ಗಾಂಧೀಜಿಯವರು ತಮ್ಮ ಪ್ರಾರ್ಥನಾಸಭೆಯಲ್ಲಿ ಅವರನ್ನು ಗೌರವದಿಂದ ನೆನೆದರು.

ಹಾರ್ವರ್ಡಿನ ವಿಶುದ್ಧಿಮಗ್ಗ ಮುದ್ರಣಗೊಂಡು ಹೊರಬಿದ್ದುದು 1950ರಲ್ಲಿ. ಅದರ ಮುಖಪುಟದಲ್ಲಿ ವಾರನ್ನರ ಹೆಸರಿದೆ. ಪರಿಷ್ಕರಿಸಿದವರೆಂದು ಶಂಖವಾಳದ ಧರ್ಮಾನಂದ ಕೋಸಂಬಿಯವರ ಹೆಸರೂ ಇದೆ.