ರವೀಂದ್ರನಾಥ ಠಾಕೂರರು

ಮಕ್ಕಳೇ, ತೇನಿ ಜಿಲ್ಲೆಯ ಗೂಡಲೂರಿನಲ್ಲಿ ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವವರಿದ್ದಾರೆ. ನೆರೆಯವರ ಭಾಷೆ ತಿಳಿದರೆ ಸ್ನೇಹ ಬೆಳೆಯುತ್ತದೆ. ಇದನ್ನು ಅರಿತಿದ್ದ ಮಹನೀಯರು ರವೀಂದ್ರನಾಥ ಠಾಕೂರರು.

ಅವರು 1861ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರಿಗೆ ನಾಲ್ಕು ಗೋಡೆಗಳ ಶಾಲೆ ಹಿಡಿಸಲಿಲ್ಲ. ಆದುದರಿಂದ 1901ರಲ್ಲಿ ಶಾಂತಿನಿಕೇತನದಲ್ಲಿ ಮರದ ನೆರಳಿನಲ್ಲಿ ಪಾಠ ನಡೆಯುವ ಶಾಲೆಯನ್ನು ತೆರೆದರು. ಮುಂದೆ 1921ರಲ್ಲಿ ಅಲ್ಲಿಯೇ ವಿಶ್ವಭಾರತಿಯನ್ನು ಸ್ಥಾಪಿಸಿದರು.

1924ರಲ್ಲಿ ಅವರು ಚೀನಾಕ್ಕೆ ಹೋದಾಗ ಅಲ್ಲಿನ ಕೆಲವು ಯುವಕರು ಅವರ ವಿಚಾರಗಳನ್ನು ವಿರೋಧಿಸಿದರು. ಆದರೂ ಠಾಕೂರರು ಆ ದೇಶದ ಸ್ನೇಹವನ್ನು ಬಿಡಲಿಲ್ಲ. ಅವರ ಕರೆಗೆ ಓಗೊಟ್ಟು 1928ರಲ್ಲಿ ತಾನ್ ಯುನ್ ಶಾನ್ ಎಂಬ ಚೀನೀ ವಿದ್ವಾಂಸರು ಶಾಂತಿನಿಕೇತನಕ್ಕೆ ಬಂದು ತಮ್ಮ ಭಾಷೆಯನ್ನು ಕಲಿಸತೊಡಗಿದರು. 1937ರಲ್ಲಿ ಚೀನಾ ಭವನ ಆರಂಭವಾಯಿತು. 1941ರಲ್ಲಿ ಠಾಕೂರರು ತೀರಿಕೊಂಡರು. ಚೀನೀ ಪಾಠ ಮುಂದುವರಿಯಿತು.

ನಿಮ್ಮ ತರಗತಿಯಲ್ಲಿ ಬೇರೆ ಭಾಷೆಯ ಗೆಳೆಯರಿದ್ದಾರೆಯೇ? ಅವರಿಂದ ಒಂದು ಮಾತನ್ನು ಇಂದೇ ಕಲಿಯಿರಿ.