ಕ್ರೀಡಾವಿನೋದಿ ಮುಮ್ಮಡಿ ಕೃಷ್ಣರಾಜ ಒಡೆಯರು

ಬಾಳೂರು, ಕಳಸ, ಮೂಡಿಗೆರೆಗಳ ಮಲೆಸೀಮೆಯಲ್ಲಿ ಆರ್ದ್ರೆಯಿಂದ ಆಶ್ಲೇಷೆಯವರೆಗೆ ಬಿಡದೆ ಸುರಿಯುವ ಮಳೆ ಮಕ್ಕಳನ್ನು ಜಗುಲಿಯಲ್ಲಿಯೇ ಕಟ್ಟಿಹಾಕುತ್ತದೆ. ಹಿರಿಯರು ಕಂಬಳಿಕೊಪ್ಪೆಯನ್ನೋ ಗೊರಬನ್ನೋ ಹೊದ್ದು ನಾಟಿಯ ಗದ್ದೆಗೆ ಇಳಿದರೆಂದರೆ ಮನೆ ಮಕ್ಕಳ ವಶವಾಗುತ್ತಿತ್ತು. ಇದ್ದಿಲಿನಿಂದ ನೆಲದ ಮೇಲೆ ಐದೈದು ಮನೆಗಳ ಚೌಕ ಬರೆದು, ನಾಲ್ಕು ಕವಡೆಗಳನ್ನು, ಕವಡೆಯಿಲ್ಲದಿದ್ದರೆ ಒಂದು ಮೈ ಕಲ್ಲಿಗೆ ತೇಯ್ದ ಹುಣಿಸೆಬೀಜಗಳನ್ನು ಎಸೆದು, ಬಳೆಚೂರುಗಳನ್ನು ಕಾಯಿಗಳನ್ನಾಗಿ ನಡೆಸುವ ಚೌಕಾಬಾರ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳ ಅಳಗುಳಿಮಣೆ. ಮೂರು ಹುಲಿಗಳನ್ನು ಹದಿನೈದು ಕುರಿಗಳು ಕೂಡಿ ಕಟ್ಟಿಹಾಕುವ ಹುಲಿಕುರಿಯಾಟ. ಹಳೆಯ ಇಸ್ಪೀಟೆಲೆಗಳ ಕಟ್ಟೊಂದು ದೊರೆತರೆ ಕತ್ತೆಯಾಟ. ಇವುಗಳಿಗೆ ಗುರುವಿಲ್ಲ, ಗ್ರಂಥವಿಲ್ಲ, ಮೇಲ್ವಿಚಾರಕರಿಲ್ಲ. ಕಾಯಿ ಕಡಿದದ್ದು ಸರಿಯೋ ತಪ್ಪೋ ಎಂಬ ವ್ಯಾಜ್ಯ ಹುಟ್ಟಿದರೆ ತೀರ್ಪು ನೀಡುವವರೂ ಮಕ್ಕಳೇ.

ಹಿರಿಯರು ಕ್ಷುಲ್ಲಕವೆಂದು ಭಾವಿಸುವ ಇಂತಹ ಆಟಗಳ ಕುಲಕ್ಕೆ ಗ್ರಂಥದಲ್ಲಿ ಸ್ಥಾನ ಕೊಟ್ಟು, ಚಿತ್ರಗಾರರಿಂದ ರೂಪ ಕೊಡಿಸಿ, ತಾವೇ ಹೊಸ ಆಟಗಳನ್ನು ಕಲ್ಪಿಸಿದ ದೊರೆಯೊಬ್ಬರು ಕನ್ನಡನಾಡಿನಲ್ಲಿ ಆಗಿಹೋದರು. ಈ ಮಲೆಸೀಮೆಯನ್ನೂ ಒಳಗೊಂಡಿದ್ದ ಮೈಸೂರು ಸಂಸ್ಥಾನದ ಅಧಿಪತಿಗಳಾದ ಮುಮ್ಮಡಿ ಕೃಷ್ಣರಾಜ ಒಡೆಯರೇ ಅವರು.

ಒಡೆಯರು ಜನಿಸಿದುದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. ಅರಸೊತ್ತಿಗೆ ಆಗ ಹೆಸರಿಗೆ ಮಾತ್ರವಿದ್ದು ಅಧಿಕಾರವೆಲ್ಲ ಟಿಪ್ಪು ಸುಲ್ತಾನನ ಕೈಯಲ್ಲಿತ್ತು. 1796ರಲ್ಲಿ ತಂದೆ ತೀರಿಕೊಂಡಾಗ ಶಿಶುವಿಗೆ ಎರಡು ವರ್ಷ. ರಾಜಕುಟುಂಬ ಅರಮನೆಯನ್ನು ತೊರೆದು ಸಾಮಾನ್ಯವಾದ ವಸತಿಯಲ್ಲಿ ದಿನಗಳನ್ನು ಕಳೆಯಬೇಕಾಯಿತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಆಂಗ್ಲರು ರಾಜ್ಯವನ್ನು ಹಳೆಯ ಮನೆತನಕ್ಕೆ ಮರಳಿಸಿದರು. ಅದೇ ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಬಾಲಕನಿಗೆ ಪಟ್ಟವಾಯಿತು. ಹಳೆಯ ಅರಮನೆ ನೆಲಸಮವಾಗಿದ್ದುದರಿಂದ ಆ ಮಹೋತ್ಸವ ಚಪ್ಪರದ ಕೆಳಗೆ ನಡೆಯಿತು.

ಐದರ ಪ್ರಾಯವೆಂದರೆ ಆಟದ ಪ್ರಾಯ. ಆದರೆ ಸಿಂಹಾಸನವೇರಿದ ಮಗುವಿನ ಸುತ್ತ ಹಿರಿಯರಿಲ್ಲದ ಗಳಿಗೆಯೆಂಬುದು ಎಲ್ಲಿಂದ ಬರಬೇಕು? ಅಜ್ಜಿ ಲಕ್ಷ್ಮಮ್ಮಣ್ಣಿಯವರ ಪೋಷಣೆ, ದಿವಾನ್ ಪೂರ್ಣಯ್ಯನವರ ಆಡಳಿತ, ಆಂಗ್ಲ ರೆಸಿಡೆಂಟರ ಕಣ್ಗಾವಲು, ಇವುಗಳ ನಡುವೆ ಹನ್ನೆರಡು ವರ್ಷ ಕಳೆದವು. 1810ರಲ್ಲಿ ಅಜ್ಜಿ ಕಾಲವಾದರು. 1811ರಲ್ಲಿ ಪೂರ್ಣಯ್ಯನವರು ಅಧಿಕಾರವನ್ನು ಒಪ್ಪಿಸಿ ನಿವೃತ್ತರಾದರು. ಹದಿನೇಳರ ತರುಣ ದೊರೆ ಸ್ವತಃ ರಾಜ್ಯವಾಳತೊಡಗಿದುದು ಅಂದಿನಿಂದ.

ಆ ಇಪ್ಪತ್ತು ವರ್ಷಗಳ ಆಳ್ವಿಕೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ದಾನಧರ್ಮಗಳಲ್ಲಿ ಕೈ ಉದಾರವಾಗಿತ್ತು, ಬೊಕ್ಕಸ ಬರಿದಾಯಿತು. ಕಂದಾಯದ ಗುತ್ತಿಗೆಯಿಂದ ರೈತರು ಬಳಲಿದರು. 1830ರಲ್ಲಿ ಮಲೆನಾಡಿನ ನಗರ ಪ್ರಾಂತದಲ್ಲಿ ದಂಗೆಯೆದ್ದಿತು. ಅದನ್ನೇ ನೆಪವಾಗಿಸಿಕೊಂಡು 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನು ದೊರೆಯಿಂದ ಕಸಿದು ಆಂಗ್ಲ ಕಮಿಷನರರಿಗೆ ವಹಿಸಿದನು. ದೊರೆಗೆ ಉಳಿದುದು ಮೈಸೂರಿನ ಅರಮನೆ, ವರ್ಷಕ್ಕೊಂದು ಲಕ್ಷ ವರಹ, ನಿವ್ವಳ ಕಂದಾಯದಲ್ಲಿ ಐದನೆಯ ಒಂದು ಪಾಲು. 1834ರಲ್ಲಿ ಬೆಂಟಿಂಕನೇ ಮರುಚಿಂತಿಸಿ ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಸೂಚಿಸಿದರೂ ಮೇಲಿನವರು ಒಪ್ಪಲಿಲ್ಲ. ಆಗ ಒಡೆಯರಿಗೆ ನಾಲ್ವತ್ತು ವರ್ಷ.

ರಾಜ್ಯವಿಲ್ಲದ ರಾಜನು ಮಾಡುವುದೇನು? ಅನೇಕ ಸಂಸ್ಥಾನಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ಹೇಳಿಕೊಳ್ಳುವಂತಹುದಲ್ಲ. ಮುಮ್ಮಡಿಯವರು ಅರಮನೆಯನ್ನು ವಿದ್ಯಾಶಾಲೆಯನ್ನಾಗಿ ಮಾಡಿದರು. 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದುದು ಅದೇ. ಮುದ್ರಾಮಂಜೂಷವನ್ನು ಬರೆದ ಕೆಂಪುನಾರಾಯಣ ಈ ಕಾಲದವನು. ಮುಂದೆ ಅಭಿನವ ಕಾಳಿದಾಸರೆಂದು ಖ್ಯಾತರಾದ ಬಸವಪ್ಪ ಶಾಸ್ತ್ರಿಗಳು ಬಾಲ್ಯದಲ್ಲಿ ಬೆಳೆದುದು ಈ ಆಸ್ಥಾನದ ನೆರಳಿನಲ್ಲಿ.

ಒಡೆಯರ ಹೆಸರಿನಲ್ಲಿ ಸಿದ್ಧವಾದ ಗ್ರಂಥಗಳಲ್ಲಿ ಹಿರಿದು ಶ್ರೀತತ್ತ್ವನಿಧಿ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳಾಗಿ ಹರಡಿದ ಈ ಸಚಿತ್ರ ಕೋಶದಲ್ಲಿ ದೇವತಾಮೂರ್ತಿಗಳ ಲಕ್ಷಣವನ್ನು ಹೇಳಿದ ಕೈಯೇ ಕೊನೆಯ ಕೌತುಕನಿಧಿಯಲ್ಲಿ ಆಟಗಳ ವಿವರವನ್ನೂ ಹೇಳುತ್ತದೆ. ಇದರಲ್ಲಿ ಅನುಚಿತವೇನೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜ್ಯನೀತಿಯ ಜೊತೆಗೆ ವಿನೋದಗಳಿಗೂ ಕ್ರೀಡೆಗಳಿಗೂ ಪ್ರತ್ಯೇಕ ವಿಂಶತಿಗಳು ಮೀಸಲಾಗಿವೆ. ಮುಮ್ಮಡಿಯವರು ಆ ಹಳೆಯ ದಾರಿಯನ್ನೇ ತುಳಿದರು. ತುಳಿದು ಬಹು ದೂರ ಹೋದರು.

ಗಂಜೀಫಾ ಎಂಬ ಎಲೆಯಾಟ ಮೊಗಲರೊಡನೆ ಭಾರತದಲ್ಲಿ ಬಳಕೆಗೆ ಬಂದುದು. 1527ರಲ್ಲಿ ಬಾಬರನು ಸಿಂಧ್ ಪ್ರಾಂತದ ಮಿತ್ರನೊಬ್ಬನಿಗೆ ಗಂಜೀಫಾ ಕಳುಹಿಸಿದ ಸಂಗತಿ ಆತನ ದಿನಚರಿಯಲ್ಲಿದೆ. ಮೊಗಲರದು ಎಂಟು ಪಂಗಡಗಳ 96 ದುಂಡನೆಯ ಎಲೆಗಳ ಆಟ. ದೇಶೀಯರು ಅದನ್ನು ದಶಾವತಾರಕ್ಕೆ ಒಗ್ಗಿಸಿಕೊಂಡು ಪಂಗಡಕ್ಕೆ ಹನ್ನೆರಡರಂತೆ 120 ಎಲೆಗಳನ್ನಾಗಿ ಮಾಡಿದರು: ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಸಂಖ್ಯೆಗಳು. ಮೂವರು ಕುಳಿತರೆ ತಲೆಗೆ ನಲವತ್ತೆಲೆ. ತುರುಫು ಎಂಬುದಿಲ್ಲ. ಹಗಲಿನಲ್ಲಿ ಆಡಿದರೆ ರಾಮನ ಪಂಗಡದಿಂದಲೂ ಇರುಳಿನಲ್ಲಿ ಆಡಿದರೆ ಕೃಷ್ಣನ ಪಂಗಡದಿಂದಲೂ ಆರಂಭ. ಅರ್ಧ ಪಂಗಡಗಳಲ್ಲಿ ಹತ್ತು ಹಿರಿದಾದರೆ ಉಳಿದ ಅರ್ಧದಲ್ಲಿ ಒಂದೇ ಹಿರಿದು. ಈ ತಿರುವುಮುರುವನ್ನು ಮರೆತವನಿಗೆ ಸೋಲು ತಪ್ಪದು. ಬಿದ್ದ ಎಲೆಗಳನ್ನೆಲ್ಲ ಮನಸ್ಸಿನಲ್ಲಿ ಇರಿಸಿಕೊಂಡವನೇ ಗೆಲ್ಲುವನು. ಅಷ್ಟಾವಧಾನದ ಧಾರಣಶಕ್ತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಇಷ್ಟರಿಂದ ಒಡೆಯರಿಗೆ ತೃಪ್ತಿಯಾಗಲಿಲ್ಲ. ಛದವೆಂದರೆ ಸಂಸ್ಕೃತದಲ್ಲಿ ಎಲೆ. ಆ ಹೆಸರಿನಲ್ಲಿ ಹದಿಮೂರು ಹೊಸ ಎಲೆಯಾಟಗಳನ್ನು ಕಲ್ಪಿಸಿದರು. ಚಿಕ್ಕದರಲ್ಲಿ 36 ಎಲೆಗಳು, ದೊಡ್ಡದರಲ್ಲಿ 360. ಕುಲದೇವತೆಯ ಹೆಸರಿನ ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆಗಳು. ನವಗ್ರಹಗಳು, ಪಂಚಪಾಂಡವರು, ದಿಕ್ಪಾಲಕರು ಒಂದೊಂದು ಆಟಕ್ಕೆ ಅಧಿಪತಿಗಳಾದರು. ಅಂಗೈಯಲ್ಲಿ ಅಡಗುವ ದುಂಡೆಲೆಯ ಮೇಲೆ ದೇವತೆಯ ವಾಹನ, ಆಯುಧ, ವರ್ಣಗಳನ್ನು ಧ್ಯಾನಶ್ಲೋಕಕ್ಕೆ ಅನುಗುಣವಾಗಿ ಬರೆಯುವ ಕುಂಚದ ಕೆಲಸ ಮೈಸೂರು ಚಿತ್ರಶೈಲಿಯ ಒಂದು ಸೂಕ್ಷ್ಮ ಶಾಖೆಯೇ ಆಯಿತು.

ಹಾಸಿನ ಆಟಗಳಲ್ಲಿಯೂ ಇದೇ ಉತ್ಸಾಹ. ಪಗಡೆಯ ಪಟ್ಟಿಗೆ ನಾಲ್ಕು ಕೈಗಳು, ಕೈಗೆ 24ರಂತೆ 96 ಮನೆಗಳು. ಆ ಬಗೆಯ ಹಾಸುಗಳನ್ನು ವಿಸ್ತರಿಸಿ, ಬಟ್ಟೆಯ ಮೇಲೆಯೂ ಹಿತ್ತಾಳೆಯ ಮೇಲೆಯೂ ಹೊಸ ಹಾಸುಗಳನ್ನು ಮಾಡಿಸಿದರು. ದೇವೀಸಾಯುಜ್ಯವೆಂಬ ಆಟದಲ್ಲಿ ಕಾಯಿಗಳು ಸುತ್ತಿ ಬಳಸಿ ನಡುವಿನ ಚಾಮುಂಡೇಶ್ವರಿಯ ಸನ್ನಿಧಿಯನ್ನು ಮುಟ್ಟಬೇಕು.

ಚದುರಂಗದಲ್ಲಿ ಅವರ ಮನಸ್ಸನ್ನು ಸೆಳೆದುದು ತುರಗಗತಿ: ಕುದುರೆಯೊಂದನ್ನೇ ಅದರ ನಡೆಯಲ್ಲಿ ನಡೆಸುತ್ತ 64 ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮುಟ್ಟಿಸುವುದು. ರುದ್ರಟನ ಕಾವ್ಯಾಲಂಕಾರದಲ್ಲಿ, ವೇದಾಂತ ದೇಶಿಕರ ಪಾದುಕಾಸಹಸ್ರದಲ್ಲಿ ಇದು ಚಿತ್ರಕವಿತ್ವವಾಗಿ ಬಂದಿದೆ. ದೇಶಿಕರಲ್ಲಿ ಅಡ್ಡಲಾಗಿ ಓದಿದರೆ ಒಂದು ಶ್ಲೋಕ, ಕುದುರೆ ಹಾರಿದ ಕ್ರಮದಲ್ಲಿ ಓದಿದರೆ ಇನ್ನೊಂದು. ಹಾರಿದ ಕ್ರಮಕ್ಕೆ ಅಂಕಿಗಳನ್ನು ಬರೆದರೆ ಅದೇ ಗಣಿತವಾಗುತ್ತದೆ; ಪ್ರತಿ ಸಾಲಿನ, ಪ್ರತಿ ಕಂಬದ ಮೊತ್ತವೂ 260 ಆಗುವಂತೆ ನಡೆಸುವುದು ಭದ್ರಗಣಿತದ ಕಷ್ಟತಮ ಸಮಸ್ಯೆಗಳಲ್ಲೊಂದು. ಒಡೆಯರು ರಚಿಸಿದ ತುರಗಗತಿಗಳನ್ನು ಚದುರಂಗದ ಇತಿಹಾಸಕಾರರು ಗಮನಿಸಿದ್ದಾರೆ.

ರಾಜ್ಯ ಹೋದರೂ ಅರಸರು ಆಟದಲ್ಲಿ ಮೈಮರೆತರೆಂದು ಮೂದಲಿಸುವುದು ಸುಲಭ. ಪಗಡೆಯಿಂದ ರಾಜ್ಯ ಕಳೆದುಕೊಂಡ ಧರ್ಮರಾಯನನ್ನೂ ನಳನನ್ನೂ ಬಲ್ಲ ನಾಡಿನಲ್ಲಿ ಈ ಮಾತು ಹುಟ್ಟುವುದು ಸಹಜವೇ. ಆದರೆ ಮುಮ್ಮಡಿಯವರ ವಿಷಯದಲ್ಲಿ ಕ್ರಮ ತಲೆಕೆಳಗು: ರಾಜ್ಯ ಹೋದುದು ಮೊದಲು, ಆಟದ ಗ್ರಂಥ ಬಂದುದು ಅನಂತರ. ಅದೂ ಅಲ್ಲದೆ ಅವರು ಪಣದ ಜೂಜಿಗೆ ಶಾಸ್ತ್ರ ಬರೆಯಲಿಲ್ಲ, ನಿಯಮಕ್ಕೆ ಬರೆದರು. ಯಾವ ಒಪ್ಪಂದವನ್ನು ನಂಬಿ ಪಟ್ಟವೇರಿದ್ದರೋ ಅದನ್ನು ಬಲಿಷ್ಠರು ತಮಗೆ ಬೇಕಾದಂತೆ ಅರ್ಥೈಸಿದರು. ಹಾಸಿನ ಮೇಲಾದರೋ ನಿಯಮ ಆಡುವವರೆಲ್ಲರಿಗೂ ಒಂದೇ. ಕವಡೆ ಬಿದ್ದ ಮೇಲೆ ಅದನ್ನು ಕಮಿಷನರನೂ ಬದಲಾಯಿಸಲಾರ.

ಒಂದು ಕೊರತೆಯನ್ನು ಮಾತ್ರ ಹೇಳದೆ ವಿಧಿಯಿಲ್ಲ. ಒಡೆಯರ ಆಟಗಳು ಪಂಡಿತಭಾರದಿಂದ ಬಳಲಿದವು. 320 ಎಲೆಗಳ ದೇವತೆಗಳನ್ನು ಗುರುತಿಸಿ ಆಡುವುದಕ್ಕೆ ಪಕ್ಕದಲ್ಲೊಬ್ಬ ಶಾಸ್ತ್ರಿಗಳು ಕುಳಿತಿರಬೇಕು. ಹಿರಿಯರು ಕಲಿಸಿದರೆ ಮಾತ್ರ ಬರುವ ಆಟ ಹಿರಿಯರೊಡನೆಯೇ ಹೋಗುತ್ತದೆ. ಅಕ್ಕ ತಮ್ಮನಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಲ್ಲ ಚೌಕಾಬಾರ ಯಾವ ರಾಜಾಶ್ರಯವೂ ಇಲ್ಲದೆ ಬದುಕಿತು. ಚಾಮುಂಡೇಶ್ವರಿ ಛದ ವಸ್ತುಸಂಗ್ರಹಾಲಯ ಸೇರಿತು. ಅರಮನೆಯ ಶಿಶುವಾಗಿ ಒಂಟಿ ಜಗುಲಿಯ ಸ್ವಾತಂತ್ರ್ಯವನ್ನು ಕಾಣದವರು ಆಟಕ್ಕೆ ಎಲ್ಲವನ್ನೂ ಕೊಟ್ಟು ಅದೊಂದನ್ನು ಕೊಡದೆ ಹೋದರೇನೋ ಎಂದು ತೋರುತ್ತದೆ. ಹಾಗೆಂದು ಅವರ ಶ್ರಮ ವ್ಯರ್ಥವಾಯಿತೆನ್ನಲಾಗದು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಮೇಲಂತಸ್ತಿನ ಗೋಡೆಗಳ ಮೇಲೆ ಆಟದ ಹಾಸುಗಳನ್ನು ಬರೆಯಿಸಿದರು. ಆ ಹಾಸುಗಳನ್ನೂ ಹಸ್ತಪ್ರತಿಗಳನ್ನೂ ಅಧ್ಯಯನ ಮಾಡಿ ವಿದುಷಿ ಆರ್. ವಸಂತಾ ಅವರು 2006ರಲ್ಲಿ ಗ್ರಂಥ ಪ್ರಕಟಿಸಿದರು. ಕಲಾವಿದ ಗಂಜೀಫಾ ರಘುಪತಿ ಭಟ್ಟರ ಕುಂಚದಿಂದ ಎಲೆಗಳ ಚಿತ್ರಣ ಮರುಜೀವ ಪಡೆಯಿತು. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ಇಳಿವಯಸ್ಸಿನಲ್ಲಿ ಒಡೆಯರು ಬಿಡದೆ ಆಡಿದ ಆಟ ಇನ್ನೊಂದಿತ್ತು. ರಾಜ್ಯವನ್ನು ಮರಳಿಸಬೇಕೆಂದು ಗವರ್ನರ್ ಜನರಲರಿಗೂ ಲಂಡನ್ನಿಗೂ ಮನವಿಯ ಮೇಲೆ ಮನವಿ ಸಲ್ಲಿಸಿದರು. ಮಾರ್ಕ್ ಕಬ್ಬನ್ ಬಂದು ಹೋದನು, ಬೌರಿಂಗ್ ಬಂದನು, ಕಂಪನಿಯ ಆಡಳಿತವೇ ಮುಗಿದು ರಾಣಿಯ ಆಡಳಿತ ಬಂದಿತು. ಉತ್ತರ ಮಾತ್ರ ಬದಲಾಗಲಿಲ್ಲ. 1865ರಲ್ಲಿ ಚಾಮರಾಜೇಂದ್ರನೆಂಬ ಶಿಶುವನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಆಂಗ್ಲ ಸರಕಾರ ಆ ದತ್ತಕವನ್ನು ಮನ್ನಿಸಿತು. ರಾಜ್ಯ ತಮ್ಮ ಕೈಗೆ ಬರದಿದ್ದರೂ ಮನೆತನಕ್ಕೆ ಉಳಿಯಿತೆಂಬ ಸಮಾಧಾನದಿಂದ, ಎಪ್ಪತ್ತಮೂರು ವರ್ಷದ ದೊರೆ 1868ರ ಮಾರ್ಚ್ 27ರಂದು ಮೈಸೂರಿನಲ್ಲಿ ದೇಹವಿಟ್ಟರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರಿಗೆ ಪಟ್ಟವಾಯಿತು. ಹದಿನೆಂಟು ತುಂಬಿ 1881ರಲ್ಲಿ ರಾಜ್ಯಭಾರ ಕೈಸೇರುವವರೆಗೆ ಅವರ ಪರವಾಗಿ ಆಳಿದವರು ಹಿರಿಯರೇ. ಪಟ್ಟವೇರಿದ ದಿನ ಆ ಬಾಲಕನಿಗೂ ಐದೇ ವರ್ಷ.