ಕಿಟ್ಟೆಲ್ ಪಂಡಿತರೂ ಅವರ ದಿನದಿನದ ದುಡಿಮೆಯೂ



ಶಾಲೆಯನ್ನು ಬಿಟ್ಟು ಹೋಗುವಾಗ ಪ್ರತಿಯೊಬ್ಬ ಬಾಲಿಕೆಯೂ ಒಂದು ದೊಡ್ಡ ಸಂಕಲ್ಪವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುತ್ತಾಳೆ. ಕೆಲವು ವರುಷಗಳ ಮೇಲೆ ಅವಳು ನಮ್ಮನ್ನು ಕಾಣಬಂದಾಗ ಆ ಸಂಕಲ್ಪವೇನಾಯಿತೆಂದು ಕೇಳಿದರೆ, ಬಿಡುವು ಸಿಕ್ಕಲಿಲ್ಲವೆಂಬ ಉತ್ತರವೇ ಬಹಳ ಸಲ ಬರುತ್ತದೆ. ಅದು ಸುಳ್ಳೂ ಅಲ್ಲ. ಮನೆವಾರ್ತೆಯ ನಡುವೆ ದೊಡ್ಡ ಕಾರ್ಯಕ್ಕೆ ತಕ್ಕ ದೊಡ್ಡ ಬಿಡುವು ಯಾರಿಗೆ ತಾನೇ ದೊರೆಯುವದು? ಹಾಗಾದರೆ ದೊಡ್ಡ ಕಾರ್ಯಗಳು ನಡೆಯುವ ಬಗೆ ಯಾವದು? ಇದನ್ನು ತಿಳಿಯುವದಕ್ಕೆ ಕನ್ನಡ ನಿಘಂಟಿನ ಕರ್ತೃಗಳಾದ ಫರ್ಡಿನಂಡ್ ಕಿಟ್ಟೆಲ್ ಪಂಡಿತರ ಚರಿತ್ರೆಯು ನಮಗೆ ಉತ್ತಮ ಸಾಧನವಾಗಿದೆ.

ಕಿಟ್ಟೆಲರು 1832ನೆಯ ಏಪ್ರಿಲ್ 7ರಂದು ಜರ್ಮನಿಯ ಉತ್ತರ ಕರಾವಳಿಯ ಒಂದು ಊರಿನಲ್ಲಿ ಪಾದ್ರಿಗಳ ಮಗನಾಗಿ ಜನಿಸಿದರು. ನಮ್ಮ ನೆರೆಯ ಬಳ್ಳಾರಿಯಲ್ಲಿ ದುಡಿದಿದ್ದ ರೀವ್ ಪಾದ್ರಿಗಳ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದೂ ಅದೇ ವರುಷದಲ್ಲಿಯೇ. ಆ ಕೆಲಸವನ್ನು ಬಹು ಮುಂದಕ್ಕೊಯ್ಯುವ ಕೂಸು ಆಗ ಸಮುದ್ರದಾಚೆ ತೊಟ್ಟಿಲಲ್ಲಿತ್ತು. ಬಾಸೆಲ್ ಮಿಶನ್ನಿನಲ್ಲಿ ಶಿಕ್ಷಣ ಹೊಂದಿ, 1853ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಅವರು ಈ ನಾಡಿಗೆ ಬಂದರು. ಧಾರವಾಡ ಸೀಮೆಯಲ್ಲಿ ಜನರೊಡನೆ ಬೆರೆತು ಅವರ ಬಾಯಿಂದಲೇ ಕನ್ನಡವನ್ನು ಕಲಿತರು. ಪಂಡಿತರ ಬಳಿ ಹಳಗನ್ನಡವನ್ನೂ ಅಭ್ಯಾಸ ಮಾಡಿದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಕಥಾಮಾಲೆಯೆಂದು ರಚಿಸಿದರು.

1864ರಲ್ಲಿ ಅವರ ಪತ್ನಿಯು ತೀರಿಕೊಂಡರು. ಆದರೂ ಅವರ ಅಭ್ಯಾಸವು ನಿಲ್ಲಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಶೋಧಿಸಿ ಅಚ್ಚು ಹಾಕಿಸಿದರು. ಇವೆಲ್ಲಕ್ಕೂ ಕಳಶಪ್ರಾಯವಾದ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರಲ್ಲಿ 1,700ಕ್ಕೂ ಹೆಚ್ಚು ಪುಟಗಳಿವೆ; ಶಬ್ದಗಳು ಸುಮಾರು 70,000.

ಈಗ ನಮ್ಮ ಹುಡುಗಿಯರಿಗೆ ಹಾಕುವಂಥ ಒಂದು ಲೆಕ್ಕವನ್ನು ಹಾಕಿ ನೋಡೋಣ. ಎಪ್ಪತ್ತು ಸಾವಿರವನ್ನು ಇಪ್ಪತ್ತು ವರುಷಗಳಿಗೆ ಹಂಚಿದರೆ ವರುಷಕ್ಕೆ 3,500 ಬರುವದು. ದಿನಕ್ಕೆ ಹತ್ತು ಶಬ್ದವೂ ಪೂರ್ತಿ ಬೀಳುವದಿಲ್ಲ. ಅವರು ದಿನಾಲು ಹತ್ತನ್ನೇ ಎಣಿಸಿ ಬರೆದರೆಂದು ಇದರ ಅರ್ಥವಲ್ಲ. ಬೆಟ್ಟದಂತೆ ಕಾಣುವ ಕಾರ್ಯವು ಒಂದು ದಿನದ ಅಳತೆಗೆ ಇಳಿದಾಗ ಎಷ್ಟು ಚಿಕ್ಕದಾಗುವದೆಂಬದನ್ನು ತೋರಿಸಿದೆನಷ್ಟೆ. ಆದರೆ ಆ ಹತ್ತು ಶಬ್ದಗಳು ಹಗುರವಾದವುಗಳಲ್ಲ. ಒಂದೊಂದು ಶಬ್ದವು ಯಾವ ಗ್ರಂಥದಲ್ಲಿದೆ, ಜನರ ಬಾಯಲ್ಲಿ ಹೇಗಿದೆ, ಯಾವ ಗಾದೆಯಲ್ಲಿ ಬಂದಿದೆ, ಸಂಸ್ಕೃತದಿಂದ ಬಂದದ್ದೋ ಅಚ್ಚಗನ್ನಡವೋ, ತಮಿಳು ತೆಲುಗು ತುಳುಗಳಲ್ಲಿ ಅದರ ಬಳಗವುಂಟೋ ಎಂದು ನೋಡಬೇಕಾಗಿತ್ತು. ಇಂದು ಬಿಟ್ಟು ನಾಳೆ ನೂರು ಮಾಡುವೆನೆಂದರೆ ಆಗುವಂಥದಲ್ಲ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಅವರು 1877ರಲ್ಲಿ ಸ್ವದೇಶಕ್ಕೆ ಹೋದರು. ಕೆಲಸ ಮುಗಿದಿರಲಿಲ್ಲ. ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿಗಾಗಿ ಮರಳಿ ಬಂದು, 1892ರ ವರೆಗೆ ಇಲ್ಲಿಯೇ ದುಡಿದರು. ಒಂದು ವಾರ ತಪ್ಪಿದ ಕೂಡಲೆ ಅಭ್ಯಾಸವು ಕೆಟ್ಟಿತೆಂದು ಕೈಬಿಡುವವರು ಇದನ್ನು ನೆನಸಿಕೊಳ್ಳಲಿ. ಎಳೆ ತುಂಡಾಗುವದು ದೋಷವಲ್ಲ. ಅದನ್ನು ಮತ್ತೆ ಹುರಿಗೂಡಿಸದೆ ಇರುವದೇ ದೋಷ.

1896ರಲ್ಲಿ ತ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಅನಂತರವೂ ಸುಮ್ಮನೆ ಕೂಡ್ರದೆ ಕನ್ನಡದ ದೊಡ್ಡ ವ್ಯಾಕರಣವನ್ನು ಬರೆದು 1903ರಲ್ಲಿ ಹೊರಡಿಸಿದರು. ಅದೇ ವರುಷದ ಡಿಸೆಂಬರಿನಲ್ಲಿ, 71ನೆಯ ವಯಸ್ಸಿನಲ್ಲಿ, ಇಹಲೋಕವನ್ನು ಬಿಟ್ಟರು. ಮುಂದೆ ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಲು, ಮದರಾಸು ವಿಶ್ವವಿದ್ಯಾಲಯವು ಅದನ್ನು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಾಗಿ ಪ್ರಕಟಿಸಿತು.

ಸಹೋದರಿಯರೇ, ನಮ್ಮ ಹುಲಿಗಿಯ ಮಗ್ಗುಲಲ್ಲಿ ತುಂಗಭದ್ರೆಯು ಹರಿಯುತ್ತಾಳೆ. ಮಹಾಪೂರವು ಒಂದೇ ದಿನ ಎಷ್ಟು ನೀರು ತಂದರೂ ಅದರಿಂದ ಗದ್ದೆ ಬೆಳೆಯುವದಿಲ್ಲ. ಕಾಲುವೆಯಲ್ಲಿ ಹೊತ್ತು ಹೊತ್ತಿಗೆ ಬರುವ ನೀರೇ ಗಂಗಾವತಿಯ ಭತ್ತವನ್ನು ಬೆಳೆಸುತ್ತದೆ. ನಿಮ್ಮ ಸಂಕಲ್ಪಕ್ಕೂ ಇಂಥ ಒಂದು ಕಾಲುವೆಯನ್ನು ತೋಡಿರಿ. ರಾತ್ರಿಯ ಪಾತ್ರೆಗಳನ್ನು ತೊಳೆದಿಟ್ಟೊಡನೆ ಕಾಲು ತಾಸು, ಅದೇ ಜಾಗದಲ್ಲಿ, ಒಂದು ಪುಟ ಓದುವದೋ ಹತ್ತು ಸಾಲು ಬರೆಯುವದೋ ಆಗಲಿ. ಅದಕ್ಕಿಂತ ದೊಡ್ಡದನ್ನು ಮೊದಲು ಹಿಡಿಯಬೇಡಿರಿ.

ಪೋಷಕರಿಗೂ ಒಂದು ವಿನಂತಿಯಿದೆ. ಕಿಟ್ಟೆಲರು ಒಬ್ಬರೇ ಇದನ್ನು ಮಾಡಲಿಲ್ಲ. ಇಲ್ಲಿಯ ಪಂಡಿತರು ಅವರಿಗೆ ನೆರವಾದರು. ಮನೆಯಲ್ಲಿ ನೀರು ತರುವದಿದ್ದರೂ, ಅಂಗಡಿಗೆ ಹೋಗುವದಿದ್ದರೂ, ತಮ್ಮನು ಅತ್ತರೂ, ಮೊದಲು ಕರೆಯುವದು ಓದುತ್ತ ಕುಳಿತ ಮಗಳನ್ನೇ. ಹೀಗೆ ದಿನಕ್ಕೊಂದು ಕಾಲು ತಾಸು ಕಳೆದರೆ ವರುಷಕ್ಕೆ ತೊಂಬತ್ತು ತಾಸುಗಳು ಅವಳ ಕೈಬಿಟ್ಟು ಹೋಗುವವು. ಆ ಹೊತ್ತಿನಲ್ಲಿ ಅವಳನ್ನು ಕರೆಯದಿರುವದೇ ನೀವು ಅವಳಿಗೆ ಕೊಡುವ ದೊಡ್ಡ ನೆರವೆಂದು ತಿಳಿಯಿರಿ.